ಯುದ್ಧದ ನಾಡಿನಲ್ಲಿ ನಮ್ಮವರು ಸಿಕ್ಕಿಕೊಂಡಾಗ: ಯಾವ ಕಾನೂನು ಹಿಡಿದು ಯಾರ ಬಳಿ ಏನು ಕೇಳಬೇಕು

ಮಂಜೇಶ್ವರದಿಂದ ತೃಕ್ಕರಿಪುರದವರೆಗೆ, ಕಾಸರಗೋಡು ಜಿಲ್ಲೆಯಲ್ಲಿ ಗಲ್ಫಿನ ನಂಟಿಲ್ಲದ ಊರು ಸಿಗುವುದು ಕಷ್ಟ. ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯಿಂದ ಅಂಗಡಿ, ಹೋಟೆಲು, ಆಸ್ಪತ್ರೆ, ಕಂಪೆನಿ ಕೆಲಸಕ್ಕೆ ಹೋದವರಿದ್ದಾರೆ. ಬೇಕಲ, ಉದುಮ ಕಡೆಯಿಂದ ಹಡಗಿನ ಕೆಲಸಕ್ಕೆ ಹೋದವರಿದ್ದಾರೆ. ಅಲ್ಲೆಲ್ಲೋ ಕ್ಷಿಪಣಿ ಬಿತ್ತು ಎಂಬ ಸುದ್ದಿ ಟಿವಿಯಲ್ಲಿ ಬಂದ ಕೂಡಲೇ ಇಲ್ಲಿಯ ಮನೆಗಳಲ್ಲಿ ಫೋನು ಶುರುವಾಗುತ್ತದೆ. ಫೋನು ಹೋಗದಿದ್ದರೆ ಅರ್ಜಿ ಶುರುವಾಗುತ್ತದೆ.

ಆ ಅರ್ಜಿಗಳಲ್ಲಿ ಹೆಚ್ಚಿನವು ಒಂದೇ ಕಡೆ ಎಡವುತ್ತವೆ. ‘ಮಾನವ ಹಕ್ಕು ಉಲ್ಲಂಘನೆಯಾಗಿದೆ, ಜಿನೀವಾ ಒಪ್ಪಂದ ಮುರಿದಿದ್ದಾರೆ, ದಯವಿಟ್ಟು ಕಾಪಾಡಿ’ ಎಂದು ಬರೆದರೆ ಓದುವ ಅಧಿಕಾರಿಗೆ ಮರುಕ ಹುಟ್ಟಬಹುದು, ಆದರೆ ಮಾಡಬೇಕಾದ ಕೆಲಸ ಯಾವುದೆಂದು ತಿಳಿಯುವುದಿಲ್ಲ. ಯುದ್ಧ ಕಾನೂನು ಮತ್ತು ಮಾನವ ಹಕ್ಕು ಕಾನೂನು ಎರಡು ಬೇರೆ ಕಾನೂನುಗಳು. ಅವು ಒಟ್ಟಿಗೇ ನಡೆಯುತ್ತವೆ, ಆದರೆ ಒಂದೊಂದರಿಂದ ಸಿಗುವುದು ಬೇರೆ ಬೇರೆ. ಈ ಬರಹ ಅದನ್ನು ಬಿಡಿಸಿ, ಕುಟುಂಬದವರು ಕೈಯಲ್ಲಿ ಕಾಗದ ಹಿಡಿದು ಮಾಡಬೇಕಾದ ಕೆಲಸವನ್ನು ಹೇಳುತ್ತದೆ.

ಮೊದಲು ಎರಡು ಕಾನೂನಿನ ಗುಣ ತಿಳಿಯಿರಿ

ಯುದ್ಧ ಕಾನೂನಿನ ಬುಡ 1949ರ ಆಗಸ್ಟ್ 12ರ ನಾಲ್ಕು ಜಿನೀವಾ ಒಪ್ಪಂದಗಳು. ಗಾಯಗೊಂಡ ಸೈನಿಕರಿಗೆ ಒಂದು, ಸಮುದ್ರದಲ್ಲಿ ಗಾಯಗೊಂಡವರಿಗೆ ಮತ್ತು ಹಡಗು ಮುಳುಗಿದವರಿಗೆ ಒಂದು, ಯುದ್ಧಕೈದಿಗಳಿಗೆ ಒಂದು, ನಾಗರಿಕರಿಗೆ ಒಂದು. ಜಗತ್ತಿನ ಎಲ್ಲ ದೇಶಗಳೂ ಇವನ್ನು ಒಪ್ಪಿವೆ. ‘ನಾವು ಸಹಿ ಹಾಕಿಲ್ಲ’ ಎಂದು ಯಾವ ದೇಶವೂ ಹೇಳುವಂತಿಲ್ಲ. ಈ ಕಾನೂನು ಸರಕಾರವನ್ನೂ ಕಟ್ಟುತ್ತದೆ, ಅದರ ಎದುರು ಬಂದೂಕು ಹಿಡಿದ ಸಂಘಟಿತ ಗುಂಪನ್ನೂ ಕಟ್ಟುತ್ತದೆ. ತುರ್ತುಪರಿಸ್ಥಿತಿಯ ಹೆಸರಿನಲ್ಲಿ ಇದನ್ನು ಅಮಾನತಿನಲ್ಲಿ ಇಡಲು ಬರುವುದಿಲ್ಲ, ಏಕೆಂದರೆ ಇದು ಹುಟ್ಟಿದ್ದೇ ಅಂಥ ಹೊತ್ತಿಗಾಗಿ.

ಇದರ ಕೊರತೆ ಬೇರೆ ಕಡೆ ಇದೆ. ನೊಂದ ಮನುಷ್ಯ ತಾನೇ ಹೋಗಿ ದೂರು ಕೊಡುವ ಕಚೇರಿ ಈ ಒಪ್ಪಂದಗಳಲ್ಲಿ ಇಲ್ಲ. ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆ. ಅದರ 17ನೇ ಸೆಕ್ಷನ್ ಪ್ರಕಾರ ಸರಕಾರ ಅಥವಾ ಅದು ಸೂಚಿಸಿದ ಅಧಿಕಾರಿ ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳಬಹುದು. ಗೋವಾದ ಪಾದ್ರಿಯೊಬ್ಬರ ಪ್ರಕರಣದಲ್ಲಿ, 1969ರಲ್ಲಿ, ಈ ಕಾಯ್ದೆ ಖಾಸಗಿ ವ್ಯಕ್ತಿಗೆ ಪ್ರತ್ಯೇಕ ಹಕ್ಕು ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಆದ್ದರಿಂದ ಈ ಕಾಯ್ದೆಯ ಹೆಸರು ಹೇಳಿ ನೇರವಾಗಿ ಮ್ಯಾಜಿಸ್ಟ್ರೇಟರ ಬಳಿ ಹೋದರೆ ಹಣ, ಸಮಯ ಎರಡೂ ಹೋಗುತ್ತವೆ.

ಮಾನವ ಹಕ್ಕು ಕಾನೂನಿನ ಬುಡ 1948ರ ವಿಶ್ವ ಘೋಷಣೆ ಮತ್ತು 1966ರ ಎರಡು ಒಡಂಬಡಿಕೆಗಳು: ಒಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳದು, ಇನ್ನೊಂದು ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳದು. ಮುಂದೆ ಬರಿದೇ ‘ಒಡಂಬಡಿಕೆ’ ಎಂದರೆ ಮೊದಲನೆಯದು. ಭಾರತ ಆ ಎರಡಕ್ಕೂ ಸೇರಿದ್ದು 1979ರ ಏಪ್ರಿಲ್ 10ರಂದು. ಇದು ಮುಖ್ಯವಾಗಿ ಸರಕಾರವನ್ನು ಕಟ್ಟುತ್ತದೆ. ರಾಷ್ಟ್ರದ ಬದುಕಿಗೇ ಕುತ್ತು ಬಂದಾಗ ಘೋಷಣೆ ಹೊರಡಿಸಿ ಕೆಲವು ಹಕ್ಕುಗಳನ್ನು ತಾತ್ಕಾಲಿಕವಾಗಿ ಕುಗ್ಗಿಸಬಹುದು. ಆದರೆ ಜೀವ, ಚಿತ್ರಹಿಂಸೆಯಿಂದ ರಕ್ಷಣೆ, ಗುಲಾಮಗಿರಿಯಿಂದ ರಕ್ಷಣೆ ಮುಂತಾದವನ್ನು ಮುಟ್ಟುವಂತಿಲ್ಲ. ಮುಖ್ಯವಾದ ವ್ಯತ್ಯಾಸ ಇದು: ಇಲ್ಲಿ ವ್ಯಕ್ತಿ ಅಥವಾ ಕುಟುಂಬ ತಾನೇ ಅರ್ಜಿ ಕೊಡಬಹುದಾದ ಆಯೋಗಗಳು, ಸಮಿತಿಗಳು ಇವೆ.

ಆದ್ದರಿಂದ ಈ ಬರಹದ ಸೂತ್ರ ಒಂದೇ. ಅಳತೆಗೋಲನ್ನು ಯುದ್ಧ ಕಾನೂನಿನಿಂದ ತೆಗೆದುಕೊಳ್ಳಿ, ಬಾಗಿಲನ್ನು ಮಾನವ ಹಕ್ಕು ಕಾನೂನಿನಲ್ಲಿ ಹುಡುಕಿ.

ಯುದ್ಧ ಶುರುವಾದರೆ ಮಾನವ ಹಕ್ಕು ನಿಂತುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಂತರರಾಷ್ಟ್ರೀಯ ನ್ಯಾಯಾಲಯ 1996ರ ಜುಲೈ 8ರಂದು ಅಣ್ವಸ್ತ್ರಗಳ ಬಗೆಗಿನ ಅಭಿಪ್ರಾಯದಲ್ಲಿ, ಯುದ್ಧದಲ್ಲೂ ಒಡಂಬಡಿಕೆಯ ರಕ್ಷಣೆ ನಿಲ್ಲುವುದಿಲ್ಲ ಎಂದಿತು. ಯುದ್ಧದಲ್ಲಿ ಒಂದು ಸಾವು ‘ಮನಸ್ವೀ ಕೊಲೆ’ (ಕಾನೂನಿನ ಕಟ್ಟಿಲ್ಲದೆ ಮನಬಂದಂತೆ ಕೊಂದದ್ದು) ಹೌದೋ ಅಲ್ಲವೋ ಎಂಬುದನ್ನು ಮಾತ್ರ ಯುದ್ಧ ಕಾನೂನಿನಿಂದ ಅಳೆಯಬೇಕು ಎಂದೂ ಹೇಳಿತು. 2004ರ ಜುಲೈ 9ರಂದು ಪ್ಯಾಲೆಸ್ತೀನಿನಲ್ಲಿ ಇಸ್ರೇಲ್ ಕಟ್ಟಿದ ಗೋಡೆಯ ವಿಚಾರದಲ್ಲಿ ಇನ್ನಷ್ಟು ಬಿಡಿಸಿ ಹೇಳಿತು: ಕೆಲವು ಹಕ್ಕು ಯುದ್ಧ ಕಾನೂನಿಗೆ ಮಾತ್ರ ಸೇರಿದ್ದು, ಕೆಲವು ಮಾನವ ಹಕ್ಕು ಕಾನೂನಿಗೆ ಮಾತ್ರ, ಕೆಲವು ಎರಡಕ್ಕೂ.

ಹೆಜ್ಜೆ 1: ಅಲ್ಲಿ ನಡೆಯುತ್ತಿರುವುದು ಯುದ್ಧವೇ?

ಟಿವಿ ಯುದ್ಧ ಎಂದಿತು ಎಂದ ಮಾತ್ರಕ್ಕೆ ಕಾನೂನಿನಲ್ಲಿ ಯುದ್ಧ ಆಗುವುದಿಲ್ಲ. ಸರಕಾರ ಇಲ್ಲ ಎಂದ ಮಾತ್ರಕ್ಕೆ ಇಲ್ಲವೂ ಆಗುವುದಿಲ್ಲ. ಒಂದು ಹಾಳೆಯಲ್ಲಿ ಈ ನಾಲ್ಕರಲ್ಲಿ ಯಾವುದೆಂದು ಬರೆದುಕೊಳ್ಳಿ.

ಎರಡು ದೇಶಗಳ ಸೇನೆಗಳ ನಡುವೆ ಹೊಡೆದಾಟವಾದರೆ ನಾಲ್ಕೂ ಒಪ್ಪಂದಗಳು ಪೂರ್ತಿ ಅನ್ವಯ. ಯುದ್ಧ ಘೋಷಣೆ ಬೇಕಿಲ್ಲ. ಒಂದು ದೇಶದ ಸೇನೆ ಇನ್ನೊಂದರ ನೆಲ ಹಿಡಿದು ಕೂತರೆ ಅದು ಆಕ್ರಮಿತ ಪ್ರದೇಶ; ಅದಕ್ಕೆ ನಾಲ್ಕನೇ ಒಪ್ಪಂದದಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ಸರಕಾರಕ್ಕೂ ಸಂಘಟಿತ ಸಶಸ್ತ್ರ ಗುಂಪಿಗೂ ನಡುವೆ, ಅಥವಾ ಅಂಥ ಗುಂಪುಗಳ ನಡುವೆಯೇ, ದೀರ್ಘಕಾಲದ ಸಶಸ್ತ್ರ ಹಿಂಸೆ ಇದ್ದರೆ ಅದು ಆಂತರಿಕ ಯುದ್ಧ. ಈ ಅಳತೆ ಹಿಂದಿನ ಯುಗೊಸ್ಲಾವಿಯಾದ ಯುದ್ಧಾಪರಾಧಗಳನ್ನು ವಿಚಾರಿಸಿದ ಅಂತರರಾಷ್ಟ್ರೀಯ ನ್ಯಾಯಮಂಡಳಿ 1995ರಲ್ಲಿ ಕೊಟ್ಟದ್ದು. ಆಗ ನಾಲ್ಕೂ ಒಪ್ಪಂದಗಳಿಗೆ ಸಮಾನವಾದ 3ನೇ ವಿಧಿ ನಿಮ್ಮ ಆಧಾರ: ಕೊಲೆ, ಚಿತ್ರಹಿಂಸೆ, ಒತ್ತೆಯಾಳಾಗಿ ಇರಿಸುವುದು, ಅವಮಾನ, ಸರಿಯಾದ ನ್ಯಾಯಾಲಯವಿಲ್ಲದೆ ಶಿಕ್ಷೆ, ಇವೆಲ್ಲ ನಿಷಿದ್ಧ. ನಾಲ್ಕನೆಯದು ದೊಂಬಿ, ಗೋಲಿಬಾರು, ಅಲ್ಲೊಂದು ಇಲ್ಲೊಂದು ದಾಳಿ. ಇದು ಯುದ್ಧವಲ್ಲ, ಇಲ್ಲಿ ಮಾನವ ಹಕ್ಕು ಕಾನೂನು ಮತ್ತು ಆ ದೇಶದ ಕಾನೂನು ಮಾತ್ರ.

ಈ ಕೊನೆಯ ಗೆರೆ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. ಮಣಿಪುರದ ಸಂತ್ರಸ್ತ ಕುಟುಂಬಗಳ ಅರ್ಜಿಯಲ್ಲಿ 2016ರ ಜುಲೈ 8ರಂದು ಸುಪ್ರೀಂ ಕೋರ್ಟು ಅಲ್ಲಿದ್ದದ್ದು ಆಂತರಿಕ ಗಲಭೆ, ಯುದ್ಧದ ಸ್ಥಿತಿಯಲ್ಲ ಎಂದಿತು. ನಿಷೇಧಾಜ್ಞೆ ಇರುವ ಪ್ರದೇಶದಲ್ಲಿ ಆಯುಧ ಹಿಡಿದವನೆಲ್ಲ ಶತ್ರು ಆಗುವುದಿಲ್ಲ, ಅತಿಯಾದ ಬಲಪ್ರಯೋಗದ ಆರೋಪ ಬಂದರೆ ತನಿಖೆ ಆಗಲೇಬೇಕು ಎಂದೂ ಹೇಳಿತು. ಯುದ್ಧ ಎಂದು ಒಪ್ಪಿಬಿಟ್ಟರೆ ಎದುರಿನವರಿಗೆ ಕೊಲ್ಲುವ ಅವಕಾಶ ಹೆಚ್ಚಾಗುತ್ತದೆ. ಆದ್ದರಿಂದ ಅರ್ಜಿಗೆ ತೂಕ ಬರಲಿ ಎಂದು ಎಲ್ಲ ಕಡೆ ‘ಯುದ್ಧಾಪರಾಧ’ ಎಂದು ಬರೆಯುವುದು ಕೆಲವೊಮ್ಮೆ ನಿಮ್ಮದೇ ಕಾಲಿಗೆ ಕೊಡಲಿ.

ಹೆಜ್ಜೆ 2: ನಮ್ಮವರು ಅಲ್ಲಿ ಯಾರು?

ಹೆಚ್ಚಿನ ತಪ್ಪು ನಡೆಯುವುದು ಇಲ್ಲಿಯೇ, ಹಾಗಾಗಿ ಇದನ್ನು ನಿಧಾನವಾಗಿ ಓದಿ.

ನಾಲ್ಕನೇ ಜಿನೀವಾ ಒಪ್ಪಂದ ನಾಗರಿಕರಿಗೆ ಎಂದು ಹೇಳಿದೆವು. ಆದರೆ ಅದರ 4ನೇ ವಿಧಿಯಲ್ಲಿ ಒಂದು ಹೊರತು ಇದೆ. ಯುದ್ಧ ಮಾಡುತ್ತಿರುವ ದೇಶದ ಸ್ವಂತ ನೆಲದಲ್ಲಿ ತಟಸ್ಥ ದೇಶದವರು ಇದ್ದರೆ, ಮತ್ತು ಅವರ ದೇಶದ ರಾಯಭಾರ ಕಚೇರಿ ಅಲ್ಲಿ ಎಂದಿನಂತೆ ಕೆಲಸ ಮಾಡುತ್ತಿದ್ದರೆ, ಅವರು ‘ಸಂರಕ್ಷಿತ ವ್ಯಕ್ತಿ’ ಎಂಬ ಪಟ್ಟಿಯಲ್ಲಿ ಬರುವುದಿಲ್ಲ. ಅವರನ್ನು ನೋಡಿಕೊಳ್ಳಲು ರಾಯಭಾರಿ ಇದ್ದಾರಲ್ಲ ಎಂಬುದು ತರ್ಕ. ಗಲ್ಫಿನ ಯಾವುದೋ ದೇಶಕ್ಕೂ ಇನ್ನೊಂದಕ್ಕೂ ಯುದ್ಧವಾದರೆ, ಅಲ್ಲಿ ದುಡಿಯುವ ನಮ್ಮ ಹುಡುಗ ಬಹುಮಟ್ಟಿಗೆ ಈ ಹೊರತಿನಲ್ಲೇ ಬೀಳುತ್ತಾನೆ.

ಹಾಗೆಂದು ಅವನು ಬರಿಗೈಯಲ್ಲಿಲ್ಲ. ಒಂದು, ಅದೇ ಒಪ್ಪಂದದ ಎರಡನೇ ಭಾಗ, ಅಂದರೆ 13ರಿಂದ 26ನೇ ವಿಧಿಗಳು, ರಾಷ್ಟ್ರೀಯತೆ ನೋಡದೆ ಇಡೀ ಜನತೆಗೆ ಅನ್ವಯ. ಕುಟುಂಬದೊಂದಿಗೆ ಸುದ್ದಿ ಹಂಚಿಕೊಳ್ಳುವ 25ನೇ ವಿಧಿ, ಚದುರಿಹೋದವರನ್ನು ಹುಡುಕಲು ಅನುಕೂಲ ಮಾಡಿಕೊಡುವ 26ನೇ ವಿಧಿ ಅದರಲ್ಲೇ ಇವೆ. ಎರಡು, ಆ ದೇಶ ಒಪ್ಪಿದ ಮಾನವ ಹಕ್ಕು ಒಪ್ಪಂದಗಳು ಅಲ್ಲಿರುವ ವಿದೇಶಿ ಕಾರ್ಮಿಕನಿಗೂ ಸಲ್ಲುತ್ತವೆ. ಮೂರು, 1963ರ ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಪ್ಪಂದದ 36ನೇ ವಿಧಿ: ಹಿಡಿದಿಟ್ಟ ವಿದೇಶಿಗೆ ತನ್ನ ರಾಯಭಾರ ಕಚೇರಿಗೆ ಸುದ್ದಿ ಮುಟ್ಟಿಸುವ ಹಕ್ಕು ಇದೆ. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರ ಜುಲೈ 17ರಂದು ಪಾಕಿಸ್ತಾನ ಈ ವಿಧಿ ಮುರಿದಿದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಟ್ಟದ್ದು ನಿಮ್ಮ ಅರ್ಜಿಯಲ್ಲಿ ಒಂದು ಸಾಲಿಗೆ ಯೋಗ್ಯ.

ಆಕ್ರಮಿತ ಪ್ರದೇಶದಲ್ಲಿ ಲೆಕ್ಕ ಬೇರೆ. 1990ರಲ್ಲಿ ಇರಾಕ್ ಕುವೈತನ್ನು ಹಿಡಿದಾಗ ಅಲ್ಲಿದ್ದ ಭಾರತೀಯರು, ವಿಮಾನದಲ್ಲಿ ಕರೆತಂದವರೇ ಸುಮಾರು 1.7 ಲಕ್ಷ, ಆಕ್ರಮಿತ ನೆಲದಲ್ಲಿದ್ದ ತಟಸ್ಥ ದೇಶದವರು. ಅಂಥವರು ಸಂರಕ್ಷಿತ ವ್ಯಕ್ತಿಗಳೇ. ಅವರಿಗೆ ಆ ನೆಲ ಬಿಟ್ಟುಹೋಗಲು ಕೇಳುವ ಹಕ್ಕನ್ನು 48ನೇ ವಿಧಿ ಕೊಡುತ್ತದೆ.

ಹಡಗಿನವರಾದರೆ ಮೊದಲು ಕೇಳಬೇಕಾದ್ದು ಹಡಗಿನ ಬಾವುಟ ಯಾವ ದೇಶದ್ದು, ಹಿಡಿದವರು ಯಾರು ಎಂದು. ಯುದ್ಧದಲ್ಲಿರುವ ದೇಶದ ವ್ಯಾಪಾರಿ ಹಡಗಿನ ಸಿಬ್ಬಂದಿ ಸೆರೆಸಿಕ್ಕರೆ ಮೂರನೇ ಒಪ್ಪಂದದ ಪ್ರಕಾರ ಯುದ್ಧಕೈದಿ ಆಗಬಹುದು. ಆದರೆ ಸಿಬ್ಬಂದಿ ತಟಸ್ಥ ದೇಶದವರಾದರೆ ಅವರನ್ನು ಯುದ್ಧಕೈದಿ ಮಾಡಬಾರದು ಎಂದು 1907ರ ಹನ್ನೊಂದನೇ ಹೇಗ್ ಒಪ್ಪಂದದ 5ನೇ ವಿಧಿ ಹೇಳುತ್ತದೆ. 2024ರ ಏಪ್ರಿಲ್ 13ರಂದು ಇರಾನ್ ಹಿಡಿದ ಎಂಎಸ್‌ಸಿ ಏರೀಸ್ ಹಡಗಿನ 25 ಮಂದಿಯಲ್ಲಿ 17 ಭಾರತೀಯರಿದ್ದರು. ಹಿಡಿದದ್ದು ಸರಕಾರ, ಆದ್ದರಿಂದ ಅಲ್ಲಿ ರಾಯಭಾರ, ಕಾನ್ಸುಲರ್ ಭೇಟಿ (ನಮ್ಮ ರಾಯಭಾರ ಕಚೇರಿಯವರು ಸೆರೆಯಲ್ಲಿರುವವರನ್ನು ಕಾಣುವುದು), ಮಾನವ ಹಕ್ಕು ಒಡಂಬಡಿಕೆ ಎಲ್ಲವೂ ಕೆಲಸಕ್ಕೆ ಬರುತ್ತವೆ. 2023ರ ನವೆಂಬರ್ 19ರಂದು ಕೆಂಪು ಸಮುದ್ರದಲ್ಲಿ ಯೆಮನಿನ ಸಶಸ್ತ್ರ ಗುಂಪಾದ ಹೂತಿಗಳು ಹಿಡಿದ ಗ್ಯಾಲಕ್ಸಿ ಲೀಡರ್ ಹಡಗಿನ 25 ಸಿಬ್ಬಂದಿ ಬಿಡುಗಡೆಯಾದದ್ದು 2025ರ ಜನವರಿಯಲ್ಲಿ. ಸಶಸ್ತ್ರ ಗುಂಪು ಯಾವ ಒಡಂಬಡಿಕೆಗೂ ಸಹಿ ಹಾಕಿಲ್ಲ. ಅಲ್ಲಿ ಹೇಳಬಹುದಾದ ಮಾತು ಒತ್ತೆಯಾಳು ಇರಿಸಬಾರದೆಂಬ ಯುದ್ಧ ಕಾನೂನಿನ ನಿಯಮ, ಹೋಗಬಹುದಾದ ದಾರಿ ರೆಡ್ ಕ್ರಾಸ್ ಮತ್ತು ಮಧ್ಯಸ್ಥ ದೇಶ. ಇನ್ನೊಂದು ಮಾತು ಸಂಬಳದ್ದು. ಸೆರೆಯಲ್ಲಿರುವಾಗಲೂ ಸಂಬಳ ಮುಂದುವರಿಯಬೇಕೆಂಬ ಕಡಲ ಕಾರ್ಮಿಕ ಒಪ್ಪಂದದ ತಿದ್ದುಪಡಿ ಕಡಲ್ಗಳ್ಳತನ ಮತ್ತು ಸಶಸ್ತ್ರ ದರೋಡೆಗೆಂದು ಬರೆದದ್ದು. ಸರಕಾರವೊಂದು ಹಡಗು ಹಿಡಿದರೆ ಅದು ತಾನಾಗಿ ಅನ್ವಯಿಸುವುದಿಲ್ಲ. ಕೆಲಸದ ಕರಾರಿನಲ್ಲಿ ಏನಿದೆ ಎಂದು ನೋಡಬೇಕು.

ಸೇನೆಯಲ್ಲಿ ‘ಸಹಾಯಕ’ ಕೆಲಸ ಎಂದು ನಂಬಿಸಿ ಕರೆದೊಯ್ದು ರಷ್ಯಾದ ಯುದ್ಧರಂಗಕ್ಕೆ ತಳ್ಳಿದ ಪ್ರಕರಣಗಳು 2024ರಲ್ಲಿ ಕೇರಳದಲ್ಲೂ ಬೆಳಕಿಗೆ ಬಂದವು. ಕರಾರಿಗೆ ಸಹಿ ಹಾಕಿ ಸಮವಸ್ತ್ರ ತೊಟ್ಟವನು ಎದುರು ಪಕ್ಷದ ಕೈಗೆ ಸಿಕ್ಕರೆ ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಯುದ್ಧಕೈದಿಯೇ. ಕುಟುಂಬದವರು ‘ನಮ್ಮವನು ಸೈನಿಕನಲ್ಲ’ ಎಂದು ಹಟ ಹಿಡಿದು ಆ ಸ್ಥಾನವನ್ನೇ ಬಿಟ್ಟುಕೊಡಬಾರದು. ಯುದ್ಧಕೈದಿಗೆ ಅಳೆದು ಕೊಟ್ಟ ಹಕ್ಕುಗಳಿವೆ. ಶಿಬಿರ ತಲುಪಿದ ಒಂದು ವಾರದೊಳಗೆ ಮನೆಗೆ ಮತ್ತು ರೆಡ್ ಕ್ರಾಸಿನ ಕೇಂದ್ರ ಶೋಧ ಸಂಸ್ಥೆಗೆ ಸೆರೆಯ ಕಾರ್ಡು ಬರೆಯಲು ಬಿಡಬೇಕು. ತಿಂಗಳಿಗೆ ಕನಿಷ್ಠ ಎರಡು ಕಾಗದ, ನಾಲ್ಕು ಕಾರ್ಡು ಕಳುಹಿಸಲು ಬಿಡಬೇಕು. ವಿಚಾರಣೆಯಲ್ಲಿ ಅವನು ಹೇಳಬೇಕಾದ್ದು ಹೆಸರು, ದರ್ಜೆ, ಜನ್ಮದಿನಾಂಕ, ಸೇನೆಯ ಸಂಖ್ಯೆ ಇಷ್ಟೇ. ಮೋಸದ ನೇಮಕಾತಿಯ ದೂರು ಬೇರೆ. ಅದನ್ನು ಇಲ್ಲಿಯ ಪೊಲೀಸ್ ಠಾಣೆಯಲ್ಲಿ ಏಜೆಂಟರ ಮೇಲೆ ಕೊಡಿ, ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಬೇಡಿ.

ಹೆಜ್ಜೆ 3: ಆದ ಅನ್ಯಾಯಕ್ಕೆ ಎರಡೂ ಕಡೆಯ ನಿಯಮ ಜೋಡಿಸಿ

ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ. ಎಡಕ್ಕೆ ಯುದ್ಧ ಕಾನೂನು, ಬಲಕ್ಕೆ ಮಾನವ ಹಕ್ಕು ಕಾನೂನು. ಆದ ಪ್ರತಿಯೊಂದು ಸಂಗತಿಯ ಎದುರು ಎರಡೂ ಕಡೆ ಬರೆಯಿರಿ. ಒಂದು ಕಡೆ ಖಾಲಿ ಉಳಿದರೂ ಪರವಾಗಿಲ್ಲ. ಆ ಖಾಲಿ ಜಾಗವೇ ನಿಮ್ಮ ದಾರಿ ಯಾವುದೆಂದು ಹೇಳುತ್ತದೆ.

ಬಂಧನವನ್ನು ತೆಗೆದುಕೊಳ್ಳಿ. ಸಂರಕ್ಷಿತ ವ್ಯಕ್ತಿಯನ್ನು ಭದ್ರತೆಯ ಕಾರಣಕ್ಕೆ ಹಿಡಿದಿಟ್ಟರೆ, ನಾಲ್ಕನೇ ಒಪ್ಪಂದದ 43ನೇ ವಿಧಿಯಂತೆ ನ್ಯಾಯಾಲಯವೋ ಆಡಳಿತ ಮಂಡಳಿಯೋ ಬೇಗನೆ ಮರುಪರಿಶೀಲಿಸಬೇಕು, ಆಮೇಲೆ ವರ್ಷಕ್ಕೆ ಕನಿಷ್ಠ ಎರಡು ಸಲ ಪರಿಶೀಲಿಸಬೇಕು. ಬಲಗಡೆ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ: ಕಾರಣ ತಿಳಿಸಬೇಕು, ನ್ಯಾಯಾಲಯದ ಮುಂದೆ ಬಂಧನವನ್ನು ಪ್ರಶ್ನಿಸಲು ಬಿಡಬೇಕು. ತುರ್ತುಪರಿಸ್ಥಿತಿಯಲ್ಲೂ ನ್ಯಾಯಾಲಯಕ್ಕೆ ಹೋಗುವ ಈ ದಾರಿ ಮುಚ್ಚಬಾರದು ಎಂದು ಒಡಂಬಡಿಕೆಯ ಪಾಲನೆ ನೋಡುವ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ 2001ರ 29ನೇ ಸಾಮಾನ್ಯ ಟಿಪ್ಪಣಿಯಲ್ಲಿ ಹೇಳಿದೆ. ಎರಡೂ ಡಿಕ್ಕಿ ಹೊಡೆದರೆ? 2014ರಲ್ಲಿ ಬ್ರಿಟನ್ನಿನ ವಿರುದ್ಧದ ಹಸನ್ ಪ್ರಕರಣದಲ್ಲಿ ಐರೋಪ್ಯ ಮಾನವ ಹಕ್ಕು ನ್ಯಾಯಾಲಯ, ದೇಶಗಳ ನಡುವಿನ ಯುದ್ಧದಲ್ಲಿ ಜಿನೀವಾ ಒಪ್ಪಂದದಂತೆ ಹಿಡಿದಿಡಬಹುದು, ಆದರೆ ಮನಸ್ವಿಯಾಗಿ ಇಡುವಂತಿಲ್ಲ, ನಿಷ್ಪಕ್ಷ ಮರುಪರಿಶೀಲನೆ ಇರಲೇಬೇಕು ಎಂದು ಎರಡನ್ನೂ ಹೊಂದಿಸಿತು. ಆದ್ದರಿಂದ ಅರ್ಜಿಯಲ್ಲಿ ‘ಕೂಡಲೇ ಬಿಡಿ’ ಎಂಬುದರ ಜೊತೆಗೆ ‘ಯಾವ ಕಾನೂನಿನಡಿ ಹಿಡಿದಿದ್ದೀರಿ, ಯಾವ ದಿನ ಮರುಪರಿಶೀಲಿಸಿದಿರಿ, ಮುಂದಿನ ದಿನಾಂಕ ಯಾವುದು’ ಎಂದು ಕೇಳಿ. ಮೊದಲನೆಯದಕ್ಕೆ ಉತ್ತರ ಕೊಡದೆ ಇರಬಹುದು, ಎರಡನೆಯದಕ್ಕೆ ಉತ್ತರ ಕೊಡದಿದ್ದರೆ ಅದೇ ಒಂದು ಉಲ್ಲಂಘನೆಯಾಗಿ ದಾಖಲಾಗುತ್ತದೆ.

ಸಾವು, ಗಾಯದ ವಿಚಾರ. ಕಾರ್ಮಿಕರ ವಸತಿಯ ಮೇಲೆ ಬಾಂಬು ಬಿದ್ದರೆ ಅಳತೆ ಯುದ್ಧ ಕಾನೂನಿನದು: ಗುರಿ ಸೈನಿಕ ನೆಲೆಯೇ, ನಾಗರಿಕರಿಗೆ ಆಗುವ ಹಾನಿ ನಿರೀಕ್ಷಿಸಿದ ಸೈನಿಕ ಲಾಭಕ್ಕೆ ಮಿಕ್ಕಿತ್ತೇ, ಮುನ್ನೆಚ್ಚರಿಕೆ ತೆಗೆದುಕೊಂಡರೇ. ಸಂಗ್ರಹಿಸಬೇಕಾದ ವಿವರವೂ ಅದೇ: ಹೊತ್ತು, ಸುತ್ತ ಏನಿತ್ತು, ಮೊದಲೇ ಎಚ್ಚರಿಕೆ ಬಂದಿತ್ತೇ. ಆದರೆ ಅದೇ ಊರಿನಲ್ಲಿ ಸಂಬಳ ಕೇಳಿ ಗುಂಪುಗೂಡಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರೆ ಅದಕ್ಕೂ ಯುದ್ಧಕ್ಕೂ ಸಂಬಂಧವಿಲ್ಲ. ಅಲ್ಲಿ ಮಾನವ ಹಕ್ಕಿನ ಬಿಗಿಯಾದ ಅಳತೆ: ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಗುಂಡು. ಒಂದೇ ದೇಶ, ಒಂದೇ ದಿನ, ಎರಡು ಅಳತೆ.

ಪಾಸ್‌ಪೋರ್ಟು ಕಂಪೆನಿಯ ಕೈಯಲ್ಲಿದ್ದು ಹೊರಡಲು ಬಿಡದಿದ್ದರೆ ಬಲಗಡೆ ಒಡಂಬಡಿಕೆಯ 12ನೇ ವಿಧಿ, ಅಂದರೆ ಯಾವುದೇ ದೇಶ ಬಿಟ್ಟುಹೋಗುವ ಸ್ವಾತಂತ್ರ್ಯ, ಬರೆಯಿರಿ. ಇದನ್ನು ತುರ್ತುಪರಿಸ್ಥಿತಿಯಲ್ಲಿ ಕುಗ್ಗಿಸಬಹುದು, ಆದರೆ ಕುಗ್ಗಿಸಬೇಕಾದದ್ದು ಸರಕಾರ. ಕಂಪೆನಿಯ ಮ್ಯಾನೇಜರಿಗೆ ಆ ಅಧಿಕಾರವಿಲ್ಲ. ಪಾಸ್‌ಪೋರ್ಟಿನ ಬದಲಿಗೆ ರಾಯಭಾರ ಕಚೇರಿ ತುರ್ತು ಪ್ರಯಾಣ ಪತ್ರ ಕೊಡಬಲ್ಲದು, ಅದನ್ನೇ ಕೇಳಿ.

ಹೆಜ್ಜೆ 4: ಆ ದೇಶ ಏನಕ್ಕೆ ಸಹಿ ಹಾಕಿದೆ?

ಜಿನೀವಾ ಒಪ್ಪಂದದಲ್ಲಿ ಈ ಪ್ರಶ್ನೆ ಇಲ್ಲ. ಬಲಗಡೆಯ ಅಂಕಣಕ್ಕೆ ಇದೆ. ಸೌದಿ ಅರೇಬಿಯಾ, ಯುಎಇ, ಒಮಾನ್ ಈ ಮೂರೂ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಸೇರಿಲ್ಲ. ಕುವೈತ್, ಬಹರೈನ್, ಕತಾರ್, ಇರಾಕ್, ಇರಾನ್, ಯೆಮನ್, ಲೆಬನಾನ್, ಇಸ್ರೇಲ್ ಸೇರಿವೆ. ನಿಮ್ಮವರು ಮೊದಲಿನ ಮೂರರಲ್ಲಿ ಒಂದರಲ್ಲಿದ್ದರೆ ಒಡಂಬಡಿಕೆಯ ವಿಧಿ ಸಂಖ್ಯೆ ಬರೆಯಬೇಡಿ. ವಿಶ್ವ ಘೋಷಣೆ, ನಾಲ್ಕನೇ ಜಿನೀವಾ ಒಪ್ಪಂದದ ಎರಡನೇ ಭಾಗ, ಕಾನ್ಸುಲರ್ ಒಪ್ಪಂದ ಇವನ್ನು ಬರೆಯಿರಿ. ಸೇರದ ಒಪ್ಪಂದ ಹೇಳಿದರೆ ಇಡೀ ಅರ್ಜಿ ಸಡಿಲವಾಗಿ ಕಾಣುತ್ತದೆ.

ಜಿನೀವಾ ಒಪ್ಪಂದಗಳಿಗೆ ಪೂರಕವಾದ 1977ರ ಹೆಚ್ಚುವರಿ ಪ್ರೋಟೋಕಾಲುಗಳಿಗೆ ಭಾರತ, ಇಸ್ರೇಲ್, ಇರಾನ್ ಸೇರಿಲ್ಲ. ನಾಗರಿಕರ ಮೇಲೆ ದಾಳಿ ಮಾಡಬಾರದೆಂಬ ನಿಯಮ ರೂಢಿಯ ಕಾನೂನಾಗಿ ಎಲ್ಲರಿಗೂ ಅನ್ವಯಿಸುವುದರಿಂದ ಅಲ್ಲಿ ‘ರೂಢಿಗತ ಯುದ್ಧ ಕಾನೂನು’ ಎಂದು ಬರೆದರೆ ಸಾಕು.

ಹೆಜ್ಜೆ 5: ಕಾಗದ ಪತ್ರ

ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಕೆಲಸದ ಕರಾರು, ಅಲ್ಲಿಯ ಗುರುತಿನ ಚೀಟಿ, ಕೊನೆಯ ಫೋನು ಅಥವಾ ವಾಟ್ಸಾಪ್ ಸಂದೇಶದ ದಿನ ಮತ್ತು ಹೊತ್ತು, ಕೊನೆಯದಾಗಿ ಇದ್ದ ಜಾಗ, ಇತ್ತೀಚಿನ ಫೋಟೋ, ಮೈಮೇಲಿನ ಗುರುತು. ಇವು ಯುದ್ಧಕ್ಕೆ ಮೊದಲೇ ಮನೆಯಲ್ಲಿರಬೇಕು. ಹೋಗುವವರು ಪೆಟ್ಟಿಗೆ ಕಟ್ಟುವ ದಿನವೇ ಪ್ರತಿ ತೆಗೆದು ಅಮ್ಮನ ಕೈಯಲ್ಲಿಟ್ಟು ಹೋಗಲಿ.

ಸಂಬಂಧ ಪ್ರಮಾಣಪತ್ರವನ್ನು ಅಕ್ಷಯ ಕೇಂದ್ರದ ಮೂಲಕ ವಿಲ್ಲೇಜ್ ಆಫೀಸಿನಿಂದ ತೆಗೆಯಿರಿ. ನಮ್ಮ ಕಡೆ ಕಷ್ಟ ಕೊಡುವುದು ಹೆಸರು. ಕನ್ನಡದ ಶಾಲಾ ದಾಖಲೆಯಲ್ಲಿ ಒಂದು, ಮಲಯಾಳದ ರೇಷನ್ ಕಾರ್ಡಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಕಾಗುಣಿತ. ಮನೆ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಒಂದಕ್ಷರ. ಅರಬಿಗೆ ತಿರುಗಿಸುವಾಗ ಇನ್ನೂ ಬದಲಾಗುತ್ತದೆ. ರೆಡ್ ಕ್ರಾಸಿನ ಹುಡುಕಾಟ ನಿಲ್ಲುವುದು ಹಲವು ಸಲ ಇದರಿಂದಲೇ. ಪಾಸ್‌ಪೋರ್ಟಿನ ಇಂಗ್ಲಿಷ್ ಕಾಗುಣಿತವನ್ನೇ ಎಲ್ಲ ಕಡೆ ಬಳಸಿ, ಉಳಿದ ರೂಪಗಳನ್ನು ಕೆಳಗೆ ಪಟ್ಟಿ ಮಾಡಿ, ತಂದೆಯ ಹೆಸರು ಮತ್ತು ಅಜ್ಜನ ಹೆಸರು ಎರಡನ್ನೂ ಬರೆಯಿರಿ.

2014ರಲ್ಲಿ ಇರಾಕಿನ ಮೋಸುಲಿನಲ್ಲಿ ಅಪಹರಣವಾದ 39 ಭಾರತೀಯರು ಸತ್ತಿದ್ದಾರೆಂದು ಖಚಿತವಾದದ್ದು 2018ರ ಮಾರ್ಚಿನಲ್ಲಿ, ಅದೂ ಕುಟುಂಬದವರ ಡಿಎನ್‌ಎ ಮಾದರಿಯಿಂದ. ಅಧಿಕಾರಿಗಳು ಮಾದರಿ ಕೇಳಿದರೆ ಸಾವು ಒಪ್ಪಿಕೊಂಡಂತೆ ಎಂದು ಹಿಂಜರಿಯಬೇಡಿ. ಗುರುತಿಸದೆ ಉಳಿದ ಆಸ್ಪತ್ರೆಯ ರೋಗಿಯನ್ನು ಪತ್ತೆಹಚ್ಚಲೂ ಅದು ಬೇಕಾಗುತ್ತದೆ.

ಹೆಜ್ಜೆ 6: ಯಾವ ಕ್ರಮದಲ್ಲಿ ಹೋಗಬೇಕು

ಮೊದಲ ದಿನವೇ ಹೊರನಾಡಿನ ಕೇರಳೀಯರಿಗಾಗಿ ಇರುವ ರಾಜ್ಯ ಸರಕಾರದ ಸಂಸ್ಥೆ ನೋರ್ಕಾ ರೂಟ್ಸಿನ ಉಚಿತ ಸಂಖ್ಯೆ 1800 425 3939ಕ್ಕೆ ಕರೆ, ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲಿನಲ್ಲಿ ದೂರು, ಅಲ್ಲಿಯ ಭಾರತೀಯ ರಾಯಭಾರ ಕಚೇರಿಗೆ ಇ-ಮೇಲ್. ಮೂರೂ ಕಡೆಯ ದೂರು ಸಂಖ್ಯೆ ಬರೆದಿಡಿ. ತೆರವು ಪಟ್ಟಿ ತಯಾರಾಗುವುದು ಈ ನೋಂದಣಿಗಳಿಂದ. 2014ರ ಜುಲೈ 5ರಂದು ಇರಾಕಿನ ತಿಕ್ರಿತಿನಲ್ಲಿ ಸಿಕ್ಕಿಕೊಂಡಿದ್ದ 46 ಭಾರತೀಯ ದಾದಿಯರು ಬಂದದ್ದೂ, 2015ರಲ್ಲಿ ಯೆಮನಿನಿಂದ ‘ರಾಹತ್’ ಕಾರ್ಯಾಚರಣೆಯಲ್ಲಿ 4,600ಕ್ಕೂ ಹೆಚ್ಚು ಭಾರತೀಯರು ಬಂದದ್ದೂ ಸರಕಾರಗಳ ಮಾತುಕತೆಯಿಂದ. ಕೋರ್ಟಿನ ಆದೇಶದಿಂದ ಯಾರೂ ಬಂದವರಲ್ಲ.

ಜಿಲ್ಲಾಧಿಕಾರಿಗೂ ರಾಜ್ಯ ಸರಕಾರಕ್ಕೂ ಕನ್ನಡದಲ್ಲೇ ಬರೆಯಬಹುದು. ಭಾಷಾ ಅಲ್ಪಸಂಖ್ಯಾತರಾದ ನಮಗೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಆ ಅವಕಾಶ ಇದೆ. ರಾಯಭಾರ ಕಚೇರಿಗೆ ಮಾತ್ರ ಇಂಗ್ಲಿಷ್ ಪ್ರತಿ ಜೊತೆಗಿರಲಿ, ಒಂದು ಪುಟ ಮೀರದಿರಲಿ.

ಸಂಪರ್ಕ ಕಡಿದರೆ ರೆಡ್ ಕ್ರಾಸ್. ಭಾರತೀಯ ರೆಡ್ ಕ್ರಾಸ್ ಸಂಸ್ಥೆಯ ಜಿಲ್ಲಾ ಶಾಖೆಯ ಮೂಲಕ ಹುಡುಕಾಟದ ಅರ್ಜಿ ಕೊಡಬಹುದು, ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ದೆಹಲಿ ಕಚೇರಿಯೂ ಇದೆ. ರೆಡ್ ಕ್ರಾಸ್ ಸಂದೇಶದಲ್ಲಿ ಮನೆಯ ಸುದ್ದಿ ಮಾತ್ರ ಬರೆಯಿರಿ. ತೆರೆದ ಕಾಗದವದು, ದಾರಿಯಲ್ಲಿ ಓದುತ್ತಾರೆ. ಸೇನೆ, ರಾಜಕೀಯ, ಯಾರ ಮೇಲೋ ಆರೋಪ ಇದ್ದರೆ ತಲುಪುವುದಿಲ್ಲ. ರೆಡ್ ಕ್ರಾಸಿನವರು ಕಂಡದ್ದನ್ನು ಗುಟ್ಟಾಗಿಡುತ್ತಾರೆ, ನಿಮ್ಮ ಪರ ಸಾಕ್ಷಿ ಹೇಳುವುದಿಲ್ಲ. ಸೆರೆಮನೆಯೊಳಗೆ ಹೋಗಲು ಅವರಿಗೆ ಅನುಮತಿ ಸಿಗುವುದು ಈ ಮೌನದಿಂದಲೇ ಎಂದು ತಿಳಿದು ಸಹಕರಿಸಿ.

ಹಿಡಿದಿಟ್ಟಿದ್ದಾರೆ ಎಂಬುದು ಖಚಿತವಾದರೆ ವಿಶ್ವಸಂಸ್ಥೆಯ ಮನಸ್ವೀ ಬಂಧನ ಕುರಿತ ಕಾರ್ಯತಂಡಕ್ಕೆ ಬರೆಯಿರಿ. ಆ ದೇಶ ಒಡಂಬಡಿಕೆಗೆ ಸೇರಿರಬೇಕೆಂದಿಲ್ಲ, ಅಲ್ಲಿಯ ಕೋರ್ಟುಗಳನ್ನೆಲ್ಲ ಸುತ್ತಿ ಬರಬೇಕೆಂದೂ ಇಲ್ಲ. ಸೌದಿ, ಯುಎಇ, ಒಮಾನ್ ವಿಚಾರದಲ್ಲಿ ತೆರೆದಿರುವ ಬಾಗಿಲು ಇದು. ಉತ್ತರಿಸಲು ಸರಕಾರಕ್ಕೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಜೀವಕ್ಕೆ ಅಪಾಯವಿದ್ದರೆ ತುರ್ತು ಮನವಿ ಎಂದು ಬರೆಯಿರಿ. ಹಿಡಿದದ್ದನ್ನೇ ಸರಕಾರ ಒಪ್ಪದಿದ್ದರೆ ಬಲವಂತದ ಕಣ್ಮರೆ ಕುರಿತ ಕಾರ್ಯತಂಡ. ಅದರ ತುರ್ತು ದಾರಿ ಕಣ್ಮರೆಯಾಗಿ ಮೂರು ತಿಂಗಳೊಳಗಿನ ಪ್ರಕರಣಗಳಿಗೆ, ಆದ್ದರಿಂದ ಕಾಯುತ್ತ ಕೂರಬೇಡಿ.

ರಾಷ್ಟ್ರೀಯ ಮಾನವ ಹಕ್ಕು ಆಯೋಗಕ್ಕೆ ಕನ್ನಡದಲ್ಲಿ, ಶುಲ್ಕವಿಲ್ಲದೆ ದೂರು ಕೊಡಬಹುದು. ಆದರೆ ವಿದೇಶದ ಸೇನೆಯ ಮೇಲೆ ಅದಕ್ಕೆ ಅಧಿಕಾರವಿಲ್ಲ. ನಮ್ಮ ಅಧಿಕಾರಿಗಳು ಮಾಡಬೇಕಾದ್ದನ್ನು ಮಾಡದೆ ಬಿಟ್ಟಿದ್ದರೆ ಆ ನಿರ್ಲಕ್ಷ್ಯವನ್ನು ವಿಷಯವಾಗಿಡಿ. ಘಟನೆಯಾಗಿ ಒಂದು ವರ್ಷ ದಾಟಿದರೆ ಆಯೋಗ ಮುಟ್ಟುವುದಿಲ್ಲ. ನಮ್ಮದೇ ಸೇನಾಪಡೆಗಳ ಮೇಲಿನ ದೂರಾದರೆ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕೇಂದ್ರದಿಂದ ವರದಿ ತರಿಸಿ ಶಿಫಾರಸು ಮಾಡುವುದಷ್ಟೇ ಅದರ ಕೈಯಲ್ಲಿದೆ.

ಕೊನೆಗೆ ಎರ್ನಾಕುಳಂನ ಹೈಕೋರ್ಟು, ಸಂವಿಧಾನದ 226ನೇ ವಿಧಿಯಡಿ. ‘ಬಿಡಿಸಿ ತನ್ನಿ’ ಎಂದು ಕೇಳಿದರೆ ವಿದೇಶಾಂಗ ನೀತಿ ಎಂದು ಕೈಬಿಡಬಹುದು. ‘ಇಂಥ ದಿನ ಕೊಟ್ಟ ಅರ್ಜಿಯ ಮೇಲೆ ಏನು ಕ್ರಮ ಕೈಗೊಂಡಿರಿ, ಕಾನ್ಸುಲರ್ ಭೇಟಿ ಕೇಳಿದ್ದೀರಾ’ ಎಂಬುದಕ್ಕೆ ಉತ್ತರ ಕೊಡಿಸಿ ಎಂದು ಕೇಳಿ. ಅರ್ಜಿದಾರರು ತಾಯಿಯೋ ಹೆಂಡತಿಯೋ ಆಗಿದ್ದರೆ ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.

ಅರ್ಜಿಯ ಮುಖ್ಯ ಪ್ಯಾರಾ ಹೀಗಿರಲಿ. ಇದು ಒಡಂಬಡಿಕೆಗೆ ಸೇರಿದ ದೇಶಕ್ಕೆ ಹೊಂದುವ ಮಾದರಿ:

‘ನನ್ನ ಮಗ ……, ಪಾಸ್‌ಪೋರ್ಟ್ ಸಂಖ್ಯೆ ……, …… ದೇಶದ …… ಊರಿನಲ್ಲಿ …… ಕೆಲಸದಲ್ಲಿದ್ದ. …… ದಿನಾಂಕ …… ಗಂಟೆಗೆ ಕೊನೆಯ ಬಾರಿ ಮಾತಾಡಿದ. …… ದಿನಾಂಕದಂದು …… ಪಡೆಯವರು ಅವನನ್ನು ಹಿಡಿದೊಯ್ದರೆಂದು ಜೊತೆಗಿದ್ದವರು ತಿಳಿಸಿದ್ದಾರೆ. ಅವನು ಯುದ್ಧದಲ್ಲಿ ಭಾಗವಹಿಸದ ನಾಗರಿಕ. ನಾಲ್ಕನೇ ಜಿನೀವಾ ಒಪ್ಪಂದದ 25 ಮತ್ತು 26ನೇ ವಿಧಿಯಂತೆ ಅವನ ಸುದ್ದಿ ತಿಳಿಯುವ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯಂತೆ ಬಂಧನದ ಕಾರಣ ಮತ್ತು ಮರುಪರಿಶೀಲನೆಯ ವಿವರ ಪಡೆಯುವ, ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ ಕಾನ್ಸುಲರ್ ಭೇಟಿಯ ಹಕ್ಕನ್ನು ಕೇಳುತ್ತಿದ್ದೇನೆ. ಅವನಿಗೆ …… ಕಾಯಿಲೆಗೆ …… ಔಷಧಿ ದಿನಕ್ಕೆ …… ಸಲ ಬೇಕು.’

ಔಷಧಿಯ ಸಾಲನ್ನು ಬಿಡಬೇಡಿ. ಬಿಡುಗಡೆಯ ಮಾತಿಗೆ ಮೊದಲು ಔಷಧಿಯ ಹೆಸರಿನಲ್ಲಿ ಭೇಟಿಗೆ ಅನುಮತಿ ಸಿಗುವ ಸಾಧ್ಯತೆ ಹೆಚ್ಚು.

ಇನ್ನು ಫೋನಿನ ವಿಚಾರ. ಸೆರೆಯಲ್ಲಿರುವವನ ವಿಡಿಯೊ ಬಂದರೆ ಊರಿನ ಗುಂಪುಗಳಿಗೆ ಹಂಚಬೇಡಿ. ಯುದ್ಧಕೈದಿಯನ್ನು ಸಾರ್ವಜನಿಕ ಕುತೂಹಲಕ್ಕೆ ಒಡ್ಡಬಾರದೆಂದು ಮೂರನೇ ಒಪ್ಪಂದದ 13ನೇ ವಿಧಿ ಹೇಳುತ್ತದೆ. ವಿಡಿಯೊ ಮಾಡಿದವರೇ ಅದನ್ನು ಮುರಿದಿದ್ದಾರೆ, ಅದು ನಿಮಗೆ ಸಾಕ್ಷಿ. ಬಂದ ದಿನ, ಬಂದ ಸಂಖ್ಯೆ ಸಹಿತ ಮೂಲ ಕಡತವನ್ನು ಹಾಗೆಯೇ ಉಳಿಸಿ, ಪ್ರತಿಯನ್ನು ರಾಯಭಾರ ಕಚೇರಿಗೆ ಮಾತ್ರ ಕಳುಹಿಸಿ. ಅಡಗಿರುವವನ ಜಾಗವನ್ನು ಫೇಸ್‌ಬುಕ್ಕಿನಲ್ಲಿ ಬರೆಯುವುದಂತೂ ಅವನ ಜೀವಕ್ಕೇ ಕುತ್ತು.

ಮನೆಗೆ ಬಂದ ಮೇಲೆ ಕಡತ ಎಸೆಯಬೇಡಿ. ಮೊದಲ ವಾರದಲ್ಲೇ ಅವನ ಬಾಯಿಂದ ಕೇಳಿ ದಿನಾಂಕವಾರು ಬರೆದು ಸಹಿ ಹಾಕಿಸಿ, ಗಾಯವಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ದಾಖಲೆ ಮಾಡಿಸಿ. ಬಾಕಿ ಸಂಬಳದ ದೂರು, ವಿಮೆಯ ಕ್ಲೇಮು, ಏಜೆಂಟರ ಮೇಲಿನ ಕೇಸು ಎಲ್ಲಕ್ಕೂ ಆ ಕೆಲವು ಹಾಳೆಗಳೇ ಆಧಾರ. ವಿಮೆಯ ಪಾಲಿಸಿಯಲ್ಲಿ ಯುದ್ಧದ ಹಾನಿಯನ್ನು ಹೊರಗಿಟ್ಟಿದ್ದಾರೆಯೇ ಎಂಬುದನ್ನು ಕ್ಲೇಮಿಗೆ ಸಹಿ ಹಾಕುವ ಮೊದಲು ಓದಿ ನೋಡಿ.